ಮನೆ ಮಾರಿ ಮುದ್ರಣಾಲಯ ಕಟ್ಟಿದ ವಕೀಲರು: ವಚನ ಪಿತಾಮಹ ಫ.ಗು. ಹಳಕಟ್ಟಿ



ಜುಲೈ 2 ವಚನ ಪಿತಾಮಹ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜನ್ಮದಿನ. ಕರ್ನಾಟಕ ಸರ್ಕಾರವು ಈ ದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಅಂದು ನಾಡಿನಾದ್ಯಂತ ಅವರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ, ವಚನ ಗಾಯನ ಏರ್ಪಡಿಸುತ್ತೇವೆ, ಅವರು ಉಳಿಸಿಕೊಟ್ಟ ವಚನಗಳ ಮಹತ್ವವನ್ನು ಕುರಿತು ಮಾತನಾಡುತ್ತೇವೆ. ಇವೆಲ್ಲವೂ ಉಚಿತವೇ. ಆದರೆ ಅವರು ಏನನ್ನು ಮಾಡಿದರು ಎಂಬುದನ್ನು ನೆನೆಯುವಷ್ಟು, ಅದನ್ನು ಮಾಡಲು ಏನನ್ನು ಬಿಟ್ಟರು ಎಂಬುದನ್ನು ನಾವು ನೆನೆಯುವುದಿಲ್ಲ. ತಮ್ಮ ಕಾಲದ ಸಮಾಜ ತಮ್ಮಿಂದ ಬಯಸಿದ ಬಾಳನ್ನು ಬದಿಗಿಟ್ಟು, ತಮ್ಮ ಅಂತರಂಗ ಒಪ್ಪಿದ ಬಾಳನ್ನು ಬಾಳಿದವರು ಅವರು. ಆ ದೃಷ್ಟಿಯಿಂದ ಅವರ ಜೀವನವನ್ನು ಮತ್ತೊಮ್ಮೆ ನೋಡುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಳಕಟ್ಟಿಯವರು ಜನಿಸಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಕನ್ನಡ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಹುಟ್ಟಿದ್ದೂ ಅದೇ ವರ್ಷದ ಅದೇ ತಿಂಗಳಲ್ಲಿ. ಇಬ್ಬರೂ ಕಾನೂನು ಓದಿದರು, ಇಬ್ಬರೂ ವಕೀಲಿಯನ್ನು ಬಿಟ್ಟು ನಾಡುನುಡಿಯ ಕೆಲಸಕ್ಕೆ ನಿಂತರು. ಒಂದು ಕಾಲದ ತುಡಿತ ಹೇಗೆ ಎರಡು ಮನೆಗಳಲ್ಲಿ ಒಟ್ಟಿಗೇ ಮೊಳೆಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿ ಆಸಕ್ತಿಯುಳ್ಳವರು. ತಾಯಿ ದಾನಾದೇವಿಯವರನ್ನು ಫಕೀರಪ್ಪನವರು ಎಳವೆಯಲ್ಲಿಯೇ ಕಳೆದುಕೊಂಡರು. ಅಜ್ಜಿಯ ಮಡಿಲಲ್ಲಿ ಬೆಳೆದರು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಸೇರಿದರು. 1901ರಲ್ಲಿ ವಿಜ್ಞಾನದ ಪದವಿ, 1904ರಲ್ಲಿ ಕಾನೂನು ಪದವಿ ಪಡೆದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮುಂದೆ ವಚನ ಸಾಹಿತ್ಯಕ್ಕೆ ಪಿತಾಮಹರೆನಿಸಿದವರು ಕನ್ನಡ ಪಂಡಿತ ಪರೀಕ್ಷೆಗೆ ಕುಳಿತವರಲ್ಲ. ವಿಜ್ಞಾನ ಮತ್ತು ಕಾನೂನು ಓದಿ ಬಂದವರು.

ಮುಂಬಯಿಯಲ್ಲಿ ಗುಜರಾತಿಗಳೂ ಮರಾಠಿಗರೂ ತಮ್ಮ ಭಾಷೆ, ತಮ್ಮ ಸಾಹಿತ್ಯ, ತಮ್ಮ ಸಂಸ್ಥೆಗಳನ್ನು ಕುರಿತು ತಳೆದಿದ್ದ ಅಭಿಮಾನವನ್ನು ಅವರು ಕಣ್ಣಾರೆ ಕಂಡರು. ಕನ್ನಡಿಗರಲ್ಲಿ ಅಂಥ ಎಚ್ಚರ ಇಲ್ಲವಲ್ಲ ಎಂಬ ಕೊರಗು ಅಲ್ಲಿಯೇ ಹುಟ್ಟಿತು. ಕಾಲೇಜಿನ ದಿನಗಳಲ್ಲಿ ಇಂಥ ಕೊರಗು ಅನೇಕರಲ್ಲಿ ಹುಟ್ಟುತ್ತದೆ. ಸಂಸಾರ, ಸಂಪಾದನೆ ಶುರುವಾದೊಡನೆ ತಣ್ಣಗಾಗುತ್ತದೆ. ಹಳಕಟ್ಟಿಯವರಲ್ಲಿ ಅದು ತಣ್ಣಗಾಗಲಿಲ್ಲ.

ಸಮಾಜ ಬಯಸಿದ ಹಾದಿ

ವಕೀಲರಾಗಿ ಅವರು ಬೆಳಗಾವಿಯಲ್ಲಿ ವೃತ್ತಿ ಆರಂಭಿಸಿ, ಬಳಿಕ ವಿಜಯಪುರಕ್ಕೆ ಬಂದು ನೆಲೆಸಿದರು. ಆ ಕಾಲದಲ್ಲಿ ಉತ್ತರ ಕರ್ನಾಟಕದ ಲಿಂಗಾಯತ ಮನೆತನಗಳಲ್ಲಿ ಇಂಗ್ಲಿಷ್ ಕಲಿತವರೇ ವಿರಳ. ಕಾನೂನು ಪದವೀಧರರಂತೂ ಬೆರಳೆಣಿಕೆಯವರು. ಇಂಥವರ ಮೇಲೆ ಸಮಾಜ ಇಟ್ಟುಕೊಳ್ಳುವ ನಿರೀಕ್ಷೆ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ. ಕೈತುಂಬ ಗಳಿಸಬೇಕು, ದೊಡ್ಡ ಮನೆ ಕಟ್ಟಬೇಕು, ಹೊಲ ಕೊಳ್ಳಬೇಕು, ಸರಕಾರದಲ್ಲಿ ಮಾನ್ಯತೆ ಪಡೆಯಬೇಕು, ಬಂಧುಬಳಗಕ್ಕೆ ಆಸರೆಯಾಗಬೇಕು. ಈ ನಿರೀಕ್ಷೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮ ಮಕ್ಕಳಿಂದ ನಾವು ಇಂದು ಬಯಸುವುದೂ ಇಷ್ಟನ್ನೇ ಅಲ್ಲವೇ?

ಹಳಕಟ್ಟಿಯವರು ಈ ಹಾದಿಯಲ್ಲಿ ಸೋತು ಬೇರೆ ಹಾದಿ ಹಿಡಿದವರಲ್ಲ. ವಕೀಲರಾಗಿ ಹೆಸರು ಗಳಿಸಿದರು. 1910ರಲ್ಲಿ ವಿಜಯಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಹುಟ್ಟುಹಾಕಿದರು, ಬಿ.ಎಲ್.ಡಿ.ಇ. ಎಂದು ನಾವೆಲ್ಲ ಬಲ್ಲ, ಇಂದು ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳವರೆಗೆ ಬೆಳೆದಿರುವ ಸಂಸ್ಥೆ ಅದೇ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಬರಗಾಲ ಬಿಟ್ಟರೂ ಸಾಲ ಬಿಡದ ಸೀಮೆಯಲ್ಲಿ ರೈತರಿಗೂ ಸಣ್ಣ ವ್ಯಾಪಾರಿಗಳಿಗೂ ಸಹಕಾರ ತತ್ತ್ವವೆಂಬುದು ಎಷ್ಟು ದೊಡ್ಡ ಆಸರೆ ಎಂಬುದನ್ನು ಅವರು ಬಲ್ಲವರಾಗಿದ್ದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. ಸರಕಾರ ಅವರಿಗೆ ರಾವ್ ಸಾಹೇಬ್, ರಾವ್ ಬಹಾದ್ದೂರ್ ಎಂಬ ಬಿರುದುಗಳನ್ನಿತ್ತಿತು.

ಹೀಗೆ ಲೋಕ ಯಾವುದನ್ನು ಯಶಸ್ಸೆಂದು ಕರೆಯುತ್ತದೆಯೋ ಅದೆಲ್ಲವೂ ಅವರ ಬಾಗಿಲಿಗೆ ಬಂದಿತ್ತು. ಆ ಹಾದಿಯಲ್ಲಿ ಇನ್ನೂ ಇಪ್ಪತ್ತು ವರ್ಷ ನಡೆದಿದ್ದರೆ ಅವರು ಆ ಸೀಮೆಯ ಸಿರಿವಂತರಲ್ಲೊಬ್ಬರಾಗುತ್ತಿದ್ದರು. ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ.

ತಾಡೋಲೆಗಳ ಕರೆ

ಇದೇ ವರ್ಷಗಳಲ್ಲಿ ಅವರೊಳಗೆ ಇನ್ನೊಂದು ಕೆಲಸ ಸದ್ದಿಲ್ಲದೆ ಬೆಳೆಯುತ್ತಿತ್ತು. ರಬಕವಿ-ಬನಹಟ್ಟಿಯ ಕಡೆಯ ಮನೆತನಗಳಲ್ಲಿ ವಚನಗಳ ತಾಡೋಲೆ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಬಿಚ್ಚಿ ಓದಿದಾಗ ಅವರು ಬೆರಗಾದರು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗ, ನೇಕಾರ, ಹಗ್ಗ ಹೊಸೆಯುವವ, ಅಕ್ಕಿ ಆಯುವ ಹೆಣ್ಣುಮಗಳು ಹೀಗೆ ದುಡಿಯುವ ಜನ ತಮ್ಮ ಅನುಭಾವವನ್ನು ತಮ್ಮದೇ ಮಾತಿನಲ್ಲಿ ನುಡಿದಿಟ್ಟ ಭಂಡಾರವೊಂದು ಮನೆಮನೆಯ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಕುಳಿತಿತ್ತು.

ಆ ಭಂಡಾರದ ಸ್ಥಿತಿ ಹೇಗಿತ್ತು? ಕೆಲವರು ಅದಕ್ಕೆ ವಿಭೂತಿ ಹಚ್ಚಿ ಪೂಜಿಸುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಕೆಲವರ ಮನೆಯ ಅಟ್ಟದಲ್ಲಿ ಅದು ಗೆದ್ದಲಿಗೆ ಆಹಾರವಾಗುತ್ತಿತ್ತು. ಇಂಗ್ಲಿಷ್ ಕಲಿತವರಿಗೆ ಅದು ಹಳೆಯ ಕಾಲದ ಸರಕು. ಹಳೆಯ ಪಂಡಿತರ ದೃಷ್ಟಿಯಲ್ಲಿ ಸಾಹಿತ್ಯವೆಂದರೆ ಚಂಪೂ, ಷಟ್ಪದಿ. ಛಂದಸ್ಸಿನ ಕಟ್ಟಿಲ್ಲದ ವಚನಕ್ಕೆ ಅಲ್ಲಿ ಸ್ಥಾನ ಕಡಿಮೆ. ಹೀಗೆ ಪೂಜಿಸುವವರೂ ಓದದೆ, ಓದಬಲ್ಲವರೂ ಲಕ್ಷಿಸದೆ ಆ ಗರಿಗಳು ಒಂದೊಂದಾಗಿ ಪುಡಿಯಾಗುತ್ತಿದ್ದವು.

ಹಳಕಟ್ಟಿಯವರು ಊರೂರು ತಿರುಗಿ ಈ ಕಟ್ಟುಗಳನ್ನು ಸಂಗ್ರಹಿಸತೊಡಗಿದರು. ಈ ಕೆಲಸದ ಶ್ರಮ ಎಂಥದ್ದೆಂಬುದನ್ನು ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಮೊದಲು, ಮನೆಯ ಹಿರಿಯರ ಮನವೊಲಿಸಿ ಪೂಜೆಯ ಜಗಲಿಯಿಂದ ಕಟ್ಟನ್ನು ಇಳಿಸಬೇಕು. ಬಳಿಕ ಬಿರುಕು ಬಿಟ್ಟ ಗರಿಗಳನ್ನು ಮುರಿಯದಂತೆ ಬಿಡಿಸಬೇಕು. ಹಳೆಯ ಲಿಪಿಯನ್ನು ಓದಬೇಕು. ಪದ ಪದಗಳ ನಡುವೆ ತೆರಪಿಲ್ಲದ ಬರಹದಲ್ಲಿ ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂಬುದನ್ನು ಅಂಕಿತದಿಂದ ಗುರುತಿಸಬೇಕು. ಒಂದೇ ವಚನ ಎರಡು ಕಟ್ಟುಗಳಲ್ಲಿ ಎರಡು ಬಗೆಯಾಗಿದ್ದರೆ ಹೋಲಿಸಿ ನಿರ್ಧರಿಸಬೇಕು. ಕಾಗದಕ್ಕೆ ಪ್ರತಿ ಮಾಡಬೇಕು. ವಚನಕಾರರ ಪ್ರಕಾರ, ಷಟ್‌ಸ್ಥಲದ ಕ್ರಮಕ್ಕನುಸಾರವಾಗಿ ಜೋಡಿಸಬೇಕು. ಇದೆಲ್ಲವನ್ನೂ ಅವರು ನ್ಯಾಯಾಲಯದ ಕೆಲಸ ಮುಗಿಸಿ ಬಂದ ಮೇಲೆ ದೀಪದ ಬೆಳಕಿನಲ್ಲಿ ವರ್ಷಗಟ್ಟಲೆ ಮಾಡಿದರು.

ಮುಚ್ಚಿದ ಬಾಗಿಲು, ತೆರೆದ ಮುದ್ರಣಾಲಯ

ಸಂಗ್ರಹವಾದ ವಚನಗಳನ್ನು ವಿಷಯಾನುಸಾರ ಜೋಡಿಸಿ ಅವರು ವಚನಶಾಸ್ತ್ರಸಾರ ಎಂಬ ಗ್ರಂಥವನ್ನು ಸಿದ್ಧಪಡಿಸಿದರು. ಅಚ್ಚು ಮಾಡಿಸಲು ಅದನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರು. ಆಗಿನ ಕಾಲಕ್ಕೆ ಕನ್ನಡದ ಅತ್ಯುತ್ತಮ ಮುದ್ರಣಾಲಯಗಳಲ್ಲಿ ಅದೊಂದು. 1894ರಲ್ಲಿ ಕಿಟೆಲ್ ಅವರ ಮಹಾ ನಿಘಂಟು ಹೊರಬಂದದ್ದು ಅಲ್ಲಿಂದಲೇ. ಆದರೆ ಮುದ್ರಣಾಲಯದವರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು. ಏಕದೇವನಿಷ್ಠೆ, ಮಾನವ ಸಮಾನತೆ, ದಯೆ ಇವೆಲ್ಲ ಈ ನೆಲದಲ್ಲಿಯೇ ಇಷ್ಟು ಹಿಂದೆ ಇಷ್ಟು ಸ್ಪಷ್ಟವಾಗಿ ನುಡಿಯಲ್ಪಟ್ಟಿವೆ ಎಂದು ಪ್ರಕಟವಾದರೆ ತಮ್ಮ ಧರ್ಮಪ್ರಚಾರಕ್ಕೆ ತೊಡಕಾದೀತೆಂದು ಅವರು ಭಾವಿಸಿದರೆಂಬುದು ಪರಂಪರೆಯಿಂದ ಕೇಳಿಬಂದ ಮಾತು. ಕಾರಣ ಯಾವುದೇ ಇರಲಿ, ಬಾಗಿಲು ಮುಚ್ಚಿತು.

1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂತು. ಕನ್ನಡಿಗರು ಅದನ್ನು ಆದರದಿಂದ ಬರಮಾಡಿಕೊಂಡರು. ಇಲ್ಲಿಗೆ ನಿಲ್ಲಿಸಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಕೈಯಲ್ಲಿದ್ದ ಸಂಗ್ರಹದ ಒಂದು ಸಣ್ಣ ಪಾಲು ಮಾತ್ರ ಅಚ್ಚಾಗಿತ್ತು. ಇನ್ನೊಬ್ಬರ ಮುದ್ರಣಾಲಯವನ್ನು ನಂಬಿ ಕುಳಿತರೆ ಆಯುಷ್ಯವೇ ಸಾಲದೆಂಬುದು ಅವರಿಗೆ ಮನವರಿಕೆಯಾಯಿತು.

ಆಗ ಅವರು ಕೈಗೊಂಡ ನಿರ್ಧಾರವೇ ಅವರ ಬಾಳಿನ ತಿರುವು. ತಾವು ಕಟ್ಟಿಸಿದ ಮನೆಯನ್ನು ಮಾರಿದರು. ಬಂದ ಹಣದಿಂದ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ತಾವು ಬಾಡಿಗೆ ಮನೆಗೆ ಹೋದರು. ವಕೀಲಿಯನ್ನು ಕ್ರಮೇಣ ಕಡಿಮೆ ಮಾಡುತ್ತ ಬಂದು, ಪೂರ್ಣವಾಗಿ ವಚನಗಳ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ನಡುವಯಸ್ಸು ಮೀರುತ್ತಿರುವ, ಸಂಸಾರಸ್ಥನಾದ, ಹೆಸರುವಾಸಿ ವಕೀಲನೊಬ್ಬ ಇದ್ದ ಮನೆಯನ್ನು ಮಾರಿ ಅಚ್ಚಿನ ಮೊಳೆ ಕೊಂಡರೆ ನೆರೆಹೊರೆ ಏನೆನ್ನಬಹುದೋ ಅದೆಲ್ಲವನ್ನೂ ಅವರು ಕೇಳಿಸಿಕೊಂಡಿರಲೇಬೇಕು. ಉತ್ತರ ಕೊಡುತ್ತ ಕೂರಲು ಅವರಿಗೆ ಬಿಡುವಿರಲಿಲ್ಲ.

ಮೂರು ದಶಕಗಳ ಕಾಯಕ

1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಮರುವರ್ಷ ನವಕರ್ನಾಟಕ ವಾರಪತ್ರಿಕೆಯೂ ಹೊರಟಿತು. ಶಿವಾನುಭವವು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಬಸವಣ್ಣನವರು, ಅಲ್ಲಮಪ್ರಭುದೇವರು, ಅಕ್ಕಮಹಾದೇವಿಯವರಂಥ ಪ್ರಸಿದ್ಧರ ವಚನಗಳು ಮಾತ್ರವಲ್ಲದೆ, ಅದುವರೆಗೆ ಹೆಸರನ್ನೂ ಕೇಳಿರದ ಶರಣ ಶರಣೆಯರ ವಚನಗಳು ಅದರಲ್ಲಿ ಬೆಳಕು ಕಂಡವು. ಶೂನ್ಯಸಂಪಾದನೆಯನ್ನೂ ಹರಿಹರನ ರಗಳೆಗಳನ್ನೂ ಅವರು ಸಂಪಾದಿಸಿ ಪ್ರಕಟಿಸಿದರು. ಅವರಿಗಿಂತ ಮೊದಲು ತಿಳಿದಿದ್ದ ವಚನಕಾರರು ಸುಮಾರು 50. ಅವರ ಶ್ರಮದ ಫಲವಾಗಿ ಆ ಸಂಖ್ಯೆ ಸುಮಾರು 250ಕ್ಕೆ ಏರಿತೆಂದು ವಿದ್ವಾಂಸರು ಎಣಿಸುತ್ತಾರೆ.

ಪತ್ರಿಕೆಯ ಚಂದಾ ಹಣದಿಂದ ಖರ್ಚು ಹುಟ್ಟುತ್ತಿರಲಿಲ್ಲ. ಆಳುಕಾಳು ಇಟ್ಟುಕೊಳ್ಳುವ ಅನುಕೂಲವಿಲ್ಲದಾಗ ಕರಡು ತಿದ್ದುವುದರಿಂದ ಹಿಡಿದು ಪ್ರತಿಗಳಿಗೆ ವಿಳಾಸ ಬರೆದು ಅಂಚೆಗೆ ಹಾಕುವವರೆಗೆ ಕೆಲಸವೆಲ್ಲ ಅವರದೇ. ಒಂದು ಕಾಲದ ವಿಧಾನ ಪರಿಷತ್ತಿನ ಸದಸ್ಯರು, ರಾವ್ ಬಹಾದ್ದೂರರು, ತೇಪೆ ಹಾಕಿದ ಕೋಟು ತೊಟ್ಟು ವಿಜಯಪುರದ ಬೀದಿಗಳಲ್ಲಿ ಓಡಾಡುತ್ತಿದ್ದುದನ್ನು ಕಂಡವರು ಅನೇಕರು ನೆನೆದಿದ್ದಾರೆ. ಬಡತನವನ್ನು ಅವರು ಬಯಸಿ ತಂದುಕೊಳ್ಳಲಿಲ್ಲ, ಮೆರೆಸಲೂ ಇಲ್ಲ. ಇದ್ದ ಹಣ ಕಾಗದಕ್ಕೋ ಕೋಟಿಗೋ ಎಂಬ ಪ್ರಶ್ನೆ ಬಂದಾಗಲೆಲ್ಲ ಕಾಗದ ಗೆದ್ದಿತು, ಅಷ್ಟೇ.

ಬಿ.ಎಂ. ಶ್ರೀಕಂಠಯ್ಯನವರು ವಿಜಯಪುರಕ್ಕೆ ಬಂದಾಗಿನ ಪ್ರಸಂಗವೊಂದು ನಾಡಿನಲ್ಲಿ ಪ್ರಚಲಿತವಾಗಿದೆ. ಊರಿನವರು ಗೋಳಗುಮ್ಮಟ ತೋರಿಸಲು ಉತ್ಸುಕರಾಗಿದ್ದರು. ಶ್ರೀಯವರಾದರೋ ವಿಜಯಪುರದಲ್ಲಿ ನೋಡಬೇಕಾದ ಗುಮ್ಮಟ ಇನ್ನೊಂದಿದೆಯೆಂದು ಹೇಳಿ, ಹಳಕಟ್ಟಿಯವರನ್ನು ಕಾಣಲು ಹೋದರಂತೆ. ವಚನ ಗುಮ್ಮಟ ಎಂಬ ಹೆಸರು ಅವರಿಗೆ ನಿಂತದ್ದು ಹೀಗೆ. ತೇಪೆಯ ಕೋಟಿನೊಳಗಿದ್ದ ಎತ್ತರವನ್ನು ಶ್ರೀಯವರು ಗುರುತಿಸಿದರು.

ಗೌರವಗಳು ಬಂದವು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಬಿರುದು ಬಂದಾಗ ಅವರು ಬೀಗಲಿಲ್ಲ, ಬಾರದಿದ್ದಾಗ ಕೆಲಸ ನಿಲ್ಲಿಸಲಿಲ್ಲ. 84 ವರ್ಷ ತುಂಬಲು ಕೆಲವೇ ದಿನಗಳು ಉಳಿದಿದ್ದಾಗ, 1964ರ ಜೂನ್ ಕೊನೆಯ ವಾರದಲ್ಲಿ ಅವರು ಲಿಂಗೈಕ್ಯರಾದರು.

ಬೆಲೆ ತೆತ್ತವರು ಯಾರು?

ಮಹನೀಯರ ಚರಿತ್ರೆ ಬರೆಯುವಾಗ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಮನಸ್ಸಾಕ್ಷಿಯಂತೆ ಬಾಳಿದವರು ಹಳಕಟ್ಟಿಯವರು. ಆದರೆ ಮಾರಿದ ಮನೆ ಅವರೊಬ್ಬರದೇ ಆಗಿತ್ತೇ? ಪತ್ನಿ ಭಾಗೀರಥಿಯವರೂ ಮಕ್ಕಳೂ ಆ ಸೂರಿನಡಿ ಇದ್ದವರೇ. ಅಚ್ಚಿನ ಕಾಗದಕ್ಕೆ ಹಣ ಹೋದಾಗ ಅಡುಗೆಮನೆಯ ಡಬ್ಬಿ ಬರಿದಾದದ್ದನ್ನು ಮೊದಲು ಕಂಡವರು ಆ ತಾಯಿ. ಅವರ ಪಾಲಿನ ಕಷ್ಟವನ್ನು ಯಾವ ಸಮ್ಮೇಳನವೂ ಸನ್ಮಾನಿಸಲಿಲ್ಲ. ತನಗೆ ಸತ್ಯವೆಂದು ತೋರಿದ ದಾರಿಯಲ್ಲಿ ನಡೆಯುವವನು ತನ್ನೊಡನೆ ನಡೆಯುವವರಿಂದಲೂ ಏನನ್ನೋ ಕೇಳುತ್ತಿರುತ್ತಾನೆ. ಇದನ್ನು ಮುಚ್ಚಿಟ್ಟು ಹಳಕಟ್ಟಿಯವರನ್ನು ಕೊಂಡಾಡಿದರೆ ಅದು ಅರ್ಧ ಸತ್ಯವಾದೀತು. ವಚನಗಳ ಋಣ ನಮ್ಮ ಮೇಲಿದೆಯೆಂದರೆ, ಆ ಋಣದಲ್ಲಿ ಭಾಗೀರಥಿಯವರ ಪಾಲೂ ಇದೆ.

ಇನ್ನೊಂದು ಮಾತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಾಗಿದ್ದ ನಮಗೆ ಗ್ರಂಥಸಂಪಾದನೆಯ ನಿಯಮಗಳು ಗೊತ್ತು. ಆ ನಿಯಮಗಳಿಂದ ಅಳೆದರೆ ಹಳಕಟ್ಟಿಯವರ ಆವೃತ್ತಿಗಳು ಕೊನೆಯ ಮಾತಲ್ಲ. ಶಿ.ಶಿ. ಬಸವನಾಳ, ಆರ್.ಸಿ. ಹಿರೇಮಠ, ಎಲ್. ಬಸವರಾಜು, ಎಂ.ಎಂ. ಕಲಬುರ್ಗಿ ಮುಂತಾದ ವಿದ್ವಾಂಸರು ಮುಂದೆ ಪಾಠಗಳನ್ನು ಪರಿಷ್ಕರಿಸಿದರು. 1993ರಲ್ಲಿ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಹಳಕಟ್ಟಿಯವರು ಪಂಡಿತರ ಮೆಚ್ಚುಗೆಗಾಗಿ ಕಾಯುತ್ತ, ಒಂದೊಂದು ಪಾಠವನ್ನೂ ನಿರ್ದುಷ್ಟಗೊಳಿಸಿದ ಮೇಲೆಯೇ ಅಚ್ಚಿಗೆ ಕೊಡುತ್ತೇನೆಂದು ಕುಳಿತಿದ್ದರೆ, ಪರಿಷ್ಕರಿಸಲು ಎಷ್ಟು ಗರಿಗಳು ಉಳಿದಿರುತ್ತಿದ್ದವು? ಗೆದ್ದಲು ಪಂಡಿತರಿಗಾಗಿ ಕಾಯುವುದಿಲ್ಲ. ತಪ್ಪು ಹಿಡಿದಾರೆಂಬ ಅಂಜಿಕೆಯನ್ನು ಮೀರುವುದೂ ಲೋಕದ ನಿರೀಕ್ಷೆಯನ್ನು ಮೀರುವ ಒಂದು ಬಗೆಯೇ ಆಗಿದೆ.

ನಮಗೆ ದೊರೆಯುವ ಪಾಠ

ತನ್ನಂತೆ ತಾನು ಬಾಳುವುದೆಂದರೆ ಮನಸ್ಸಿಗೆ ಬಂದಂತೆ ಬಾಳುವುದೆಂದು ಇಂದು ಅನೇಕರು ತಿಳಿದಿದ್ದಾರೆ. ಹಳಕಟ್ಟಿಯವರ ಬಾಳು ಈ ತಿಳಿವಳಿಕೆಯನ್ನು ತಿದ್ದುತ್ತದೆ. ಅವರು ಸಮಾಜವನ್ನು ಬಿಟ್ಟು ಹೋಗಲಿಲ್ಲ. ಶಾಲೆ, ಬ್ಯಾಂಕು, ಪತ್ರಿಕೆ ಎಲ್ಲವೂ ಸಮಾಜಕ್ಕಾಗಿಯೇ. ಅವರು ಬಿಟ್ಟದ್ದು ಸಮಾಜ ಮನುಷ್ಯನನ್ನು ಅಳೆಯುವ ಕೋಲನ್ನು. ಗಳಿಕೆಯಿಂದ, ಮನೆಯ ಅಂತಸ್ತಿನಿಂದ, ತೊಟ್ಟ ಕೋಟಿನಿಂದ ತಮ್ಮನ್ನು ಅಳೆದುಕೊಳ್ಳಲು ಅವರು ಒಪ್ಪಲಿಲ್ಲ. ಒಳಗಿನ ಕರೆಗೆ ಓಗೊಟ್ಟವರು ಅದಕ್ಕೆ ತಕ್ಕ ದುಡಿಮೆಯನ್ನೂ ಸಲ್ಲಿಸಬೇಕಾಗುತ್ತದೆ. ಅವರು ನಲವತ್ತು ವರ್ಷಗಳಿಗೂ ಮಿಕ್ಕಿ ಅದನ್ನು ಸಲ್ಲಿಸಿದರು. ಶರಣರು ಕಾಯಕವೆಂದದ್ದು ಇದನ್ನೇ. ಅಂತರಂಗಕ್ಕೂ ಬಹಿರಂಗಕ್ಕೂ ಬಿರುಕಿಲ್ಲದ ಬಾಳನ್ನು ಬೋಧಿಸಿದ ವಚನಗಳನ್ನು ಉಳಿಸಿದವರು, ಆ ಬೋಧೆಯನ್ನು ಮೊದಲು ತಮ್ಮ ಬಾಳಿನಲ್ಲಿಯೇ ಅಚ್ಚು ಹಾಕಿಕೊಂಡರು.

ನಮ್ಮ ಸಮಾಜದ ಇಂದಿನ ರೀತಿಯನ್ನು ಈ ಬೆಳಕಿನಲ್ಲಿ ನೋಡಿಕೊಳ್ಳಬೇಕು. ನಾಲ್ಕು ಜನ ಏನೆಂದಾರೋ ಎಂದು ಸಾಲ ಮಾಡಿ ಮದುವೆ ಮಾಡುವ ಮನೆಗಳಿವೆ. ಮಗನಿಗೆ ಕನ್ನಡ ಓದುವ ಆಸೆ, ಮಗಳಿಗೆ ಕೃಷಿ ಮಾಡುವ ಆಸೆ ಇದ್ದರೂ ಬೀಗರೆದುರು ಹೇಳಿಕೊಳ್ಳಲು ಬೇಕಾದ ಪದವಿಗೇ ಅವರನ್ನು ದೂಡುವ ತಂದೆ-ತಾಯಂದಿರಿದ್ದಾರೆ. ಅವರನ್ನು ನಾವು ಜರೆಯುವುದಿಲ್ಲ. ಮಕ್ಕಳ ಮೇಲಿನ ಕಾಳಜಿಯೇ ಅದರ ಮೂಲ. ಆದರೆ ಹಳಕಟ್ಟಿಯವರ ಹಿರಿಯರು ಬಯಸಿದ್ದೂ ಒಳ್ಳೆಯದನ್ನೇ. ಅವರು ಬಯಸಿದಂತೆಯೇ ಫಕೀರಪ್ಪನವರು ಕೊನೆಯವರೆಗೆ ವಕೀಲರಾಗಿಯೇ ಉಳಿದಿದ್ದರೆ ವಿಜಯಪುರದಲ್ಲಿ ಇನ್ನೊಂದು ದೊಡ್ಡ ಮನೆ ಇರುತ್ತಿತ್ತು. ನಮ್ಮ ಮಠಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ಇಂದು ಮೊಳಗುತ್ತಿರುವ ಎಷ್ಟೋ ವಚನಗಳು ಇರುತ್ತಿರಲಿಲ್ಲ.

ಮಾಲೆ ಹಾಕುವುದರ ಜೊತೆಗೆ ಭಕ್ತರಲ್ಲಿ ನಮ್ಮದೊಂದು ವಿನಂತಿಯಿದೆ. ನಿಮ್ಮ ಮನೆಯ ಜಗಲಿಯಲ್ಲಾಗಲಿ ಅಟ್ಟದಲ್ಲಾಗಲಿ ಇಂದಿಗೂ ತಾಡೋಲೆಯ ಕಟ್ಟು ಅಥವಾ ಹಳೆಯ ಕೈಬರಹದ ಕಡತ ಇದ್ದರೆ, ಅದನ್ನು ಪೂಜೆಗಷ್ಟೇ ಮೀಸಲಾಗಿಡಬೇಡಿ, ಹೊಳೆಗೂ ಬಿಡಬೇಡಿ. ಓದಬಲ್ಲವರಿಗೆ ತೋರಿಸಿ. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನಾ ಕೇಂದ್ರವಿದೆ; ನಾಡಿನ ವಿಶ್ವವಿದ್ಯಾಲಯಗಳಲ್ಲಿ ಹಸ್ತಪ್ರತಿ ವಿಭಾಗಗಳಿವೆ. ಹಾಗೆಯೇ ನಿಮ್ಮ ಮನೆಯಲ್ಲಿ ಒಬ್ಬ ಮಗನೋ ಮಗಳೋ ಎಲ್ಲರೂ ನಡೆವ ಹಾದಿ ಬಿಟ್ಟು ಬೇರೊಂದು ಒಳ್ಳೆಯ ಕೆಲಸಕ್ಕೆ ಮನಸೋತಿದ್ದರೆ, ಬೇಡವೆನ್ನುವ ಮೊದಲು ಒಮ್ಮೆ ಕುಳಿತು ಅವರ ಮಾತನ್ನು ಪೂರ್ತಿಯಾಗಿ ಕೇಳಿ. ವಚನ ಪಿತಾಮಹರಿಗೆ ಅದಕ್ಕಿಂತ ಮಿಗಿಲಾದ ನಮನ ಬೇರೊಂದಿರದು.